ಅಟ್ಟದಿಂದ ಇಳಿಸಿದ ಟ್ರೈ-ಆಂಗ್ ಇಂಜಿನ್ ಜಪ್ಪಯ್ಯ ಅಂದ್ರೂ ಓಡ್ತಿಲ್ಲ, ಏನು ಮಾಡಲಿ?

ಕುಂದಾಪುರದವ:
ಎಲ್ಲರಿಗೂ ನಮಸ್ಕಾರ. ಅಪ್ಪ ಹಡಗಿನ ಕೆಲಸದಲ್ಲಿದ್ದಾಗ ಲಿವರ್‌ಪೂಲ್‌ನಿಂದ ತಂದ ಆಟದ ರೈಲು ಮನೆಯಲ್ಲಿದೆ. ಡಬ್ಬದ ಮೇಲೆ ಟ್ರೈ-ಆಂಗ್ ಹಾರ್ನ್‌ಬಿ ಅಂತಿದೆ. ಜಿಂಟಿ ಅನ್ನುವ ಮಾದರಿಯ ಆರು ಚಕ್ರದ ಕಪ್ಪು ಇಂಜಿನ್, ಎರಡು ಬೋಗಿ, ಒಂದು ಸುತ್ತಿಗಾಗುವಷ್ಟು ಹಳಿ, ಒಂದು ಕಂಟ್ರೋಲರ್. ನಾನು ಹೈಸ್ಕೂಲಲ್ಲಿದ್ದಾಗ ಅಟ್ಟ ಸೇರಿದ್ದು. ಈಗ ಮಗಳ ಹಟಕ್ಕೆ ಕೆಳಗೆ ಬಂದಿದೆ.

ಹಳಿ ಜೋಡಿಸಿ ಕರೆಂಟ್ ಕೊಟ್ಟರೆ ಇಂಜಿನ್ ಸುಮ್ನೆ ನಿಂತಿರುತ್ತದೆ. ಗುಂಡಿ ಪೂರ್ತಿ ತಿರುಗಿಸಿದರೆ ಕೆಲವೊಮ್ಮೆ ಸಣ್ಣಗೆ ಗುಂಯ್ ಅನ್ನುತ್ತದೆ, ಅಷ್ಟೇ. ಬೆರಳಲ್ಲಿ ಚಕ್ರ ತಿರುಗಿಸಲು ನೋಡಿದರೆ ಒಂಚೂರೂ ಕದಲುವುದಿಲ್ಲ. ಪೇಟೆಯ ರಿಪೇರಿಯವರೊಬ್ಬರು ಮೋಟರ್ ಸುಟ್ಟಿದೆ, ಬಿಸಾಡಿ ಅಂದರು. ಅಪ್ಪ ತೀರಿಕೊಂಡಿದ್ದಾರೆ, ಬಿಸಾಡುವ ಮಾತೇ ಇಲ್ಲ ಮಾರಾಯ್ರೆ. ಮಲ್ಟಿಮೀಟರ್ ಇದೆ, ಬೆಸುಗೆ ಹಾಕಲು ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಹುಬ್ಬಳ್ಳಿ ವೈಂಡಿಂಗ್:
ಬಿಸಾಡಬೇಡಿ ಸರ್. ಗುಂಯ್ ಅಂದಿದೆ ಅಂದರೆ ಮೋಟರಿಗೆ ಕರೆಂಟ್ ಹೋಗಿದೆ. ಸುಟ್ಟ ಮೋಟರ್ ಮೂಗಿಗೇ ಗೊತ್ತಾಗುತ್ತದೆ. ನಾನು ವೈಂಡಿಂಗ್ ಅಂಗಡಿ ಇಟ್ಟವನು, ಈ ಇಂಜಿನ್‌ಗಳ ಹುಚ್ಚೂ ಇದೆ. ನಿಮ್ಮ ಜಿಂಟಿಯಲ್ಲಿರುವುದು ಎಕ್ಸ್-04 ಮೋಟರ್. ಅದು ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ.

ಮೊದಲು ಆ ಹಳೇ ಕಂಟ್ರೋಲರ್ ಪ್ಲಗ್ ಕಿತ್ತಿಡಿ. ಇಷ್ಟು ವರ್ಷ ಅಟ್ಟದ ಸೆಕೆಯಲ್ಲಿದ್ದ ವೈರಿನ ಹೊದಿಕೆ ಒಣಗಿ ಬಿರಿದಿರುತ್ತದೆ, ಅದರಲ್ಲಿ ಬರುವುದು 230 ವೋಲ್ಟ್. ಮಗು ಇರುವ ಮನೆ ಬೇರೆ. ಈ ಇಂಜಿನ್‌ಗೆ ಬೇಕಾದದ್ದು ಬರೀ 12 ವೋಲ್ಟ್ ಡಿಸಿ. ಹಳೇ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಇದ್ದರೆ ಸಾಕು, ಪರೀಕ್ಷೆಗೆ 9 ವೋಲ್ಟ್ ಬ್ಯಾಟರಿಯೂ ಆಗುತ್ತದೆ.

ಚಕ್ರ ತಿರುಗುವುದಿಲ್ಲ ಅಂದಿರಲ್ಲ, ಅದು ದೋಷವೇ ಅಲ್ಲ. ಮೋಟರಿನ ತುದಿಯಲ್ಲಿ ವರ್ಮ್ ಗೇರ್, ಅಂದರೆ ಸ್ಕ್ರೂ ಆಕಾರದ ಗೇರ್ ಇದೆ. ಮೋಟರ್ ತಿರುಗಿದರೆ ಚಕ್ರ ತಿರುಗುತ್ತದೆ, ಚಕ್ರ ತಿರುವಿ ಮೋಟರ್ ತಿರುಗಿಸಲು ಆಗದು. ಬಲ ಹಾಕಿದರೆ ಗೇರಿನ ಹಲ್ಲು ಹೋಗುತ್ತದೆ. ಮೇಲಿನ ಪ್ಲಾಸ್ಟಿಕ್ ಮೈ ಕಳಚಿ, ತಾಮ್ರದ ತಂತಿ ಸುತ್ತಿದ ಆರ್ಮೇಚರನ್ನೇ ಬೆರಳ ತುದಿಯಿಂದ ಮೆಲ್ಲಗೆ ದೂಡಿ ನೋಡಿ.

ಅದು ಬಿಗಿಯಾಗಿದ್ದರೆ ಕಾರಣ ಹಳೇ ಎಣ್ಣೆ. ವರ್ಷಾನುಗಟ್ಟಲೆ ನಿಂತ ಎಣ್ಣೆ ಜೋನಿ ಬೆಲ್ಲದ ಹಾಗೆ ಅಂಟಾಗಿ ಬೇರಿಂಗನ್ನು ಕಚ್ಚಿಕೊಳ್ಳುತ್ತದೆ. ಮೊಬೈಲ್ ರಿಪೇರಿಯವರ ಹತ್ತಿರ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಎರಡೂ ಬೇರಿಂಗಿಗೆ ಒಂದೊಂದು ಹನಿ ಬಿಡಿ, ಆರ್ಮೇಚರನ್ನು ಆಚೆ ಈಚೆ ಆಡಿಸಿ, ಕಂದು ರಸ ಹೊರಬಂದರೆ ಒರೆಸಿ, ಮತ್ತೆ ಬಿಡಿ. ಇಂಜಿನ್ನಿನ ಬಣ್ಣಕ್ಕೆ ಮಾತ್ರ ತಾಗಿಸಬೇಡಿ, ಎದ್ದು ಬರಬಹುದು.

ಆಮೇಲೆ ಕಮ್ಯುಟೇಟರ್. ಮೂರು ತುಂಡಿನ ತಾಮ್ರದ ಉಂಗುರ, ಕಾರ್ಬನ್ ಹತ್ತಿ ಕಪ್ಪಾಗಿರುತ್ತದೆ. ಹತ್ತಿಗೆ ಅದೇ ಆಲ್ಕೋಹಾಲ್ ಹಚ್ಚಿ ಹೊಳೆಯುವವರೆಗೆ ಒರೆಸಿ. ತುಂಡುಗಳ ನಡುವಿನ ಸಂದಿಯನ್ನು ಹಲ್ಲು ಚುಚ್ಚುವ ಕಡ್ಡಿಯಿಂದ ಕೆರೆಯಿರಿ. ಅಲ್ಲಿ ಕಾರ್ಬನ್ ಪುಡಿ ತುಂಬಿದರೆ ಕರೆಂಟ್ ಒಂದರಿಂದ ಇನ್ನೊಂದಕ್ಕೆ ಹಾರಿ ಹೋಗುತ್ತದೆ. ಉಪ್ಪುಕಾಗದ ಖಂಡಿತ ಬೇಡ, ಗೀರು ಬಿದ್ದ ತಾಮ್ರವು ಅದಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡನ್ನು, ಅಂದರೆ ಬ್ರಷ್ಷನ್ನು, ತಿನ್ನುತ್ತದೆ.

ಅಯಸ್ಕಾಂತವನ್ನು ಯಾವ ಕಾರಣಕ್ಕೂ ಹೊರಗೆ ತೆಗೆಯಬೇಡಿ. ಕಬ್ಬಿಣದ ಜಾಗದಿಂದ ಹೊರಬಂದರೆ ಶಕ್ತಿ ಇಳಿದುಹೋಗುತ್ತದೆ, ಆಮೇಲೆ ಮೋಟರ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ.

ಕೊನೆಗೆ ಎಣ್ಣೆ. ಹೊಲಿಗೆ ಮಷಿನ್ ಎಣ್ಣೆ, ಸೂಜಿ ತುದಿಯಲ್ಲಿ ನಿಲ್ಲುವಷ್ಟು ಮಾತ್ರ. ಕರಾವಳಿಯವರು ನೀವು, ಮೊದಲೇ ಹೇಳಿಬಿಡುತ್ತೇನೆ: ತೆಂಗಿನೆಣ್ಣೆ ಬೇಡ!

ಬೆಂಗಳೂರು ಡಬಲ್-ಓ:
ಮೇಲಿನವರು ಹೇಳಿದ್ದು ಸರಿ. ನಾನು ಹಳಿಯ ಬಗ್ಗೆ ಹೇಳುತ್ತೇನೆ. ಆ ಕಾಲದ ಟ್ರೈ-ಆಂಗ್ ಹಳಿ ಉಕ್ಕಿನದು, ನಿಮ್ಮ ಕಡೆಯ ಉಪ್ಪುಗಾಳಿಗೆ ತುಕ್ಕು ಹಿಡಿಯದೇ ಇರುವುದಿಲ್ಲ. ತುಕ್ಕಿನ ಮೇಲೆ ಕರೆಂಟ್ ದಾಟದು. ತುಂಬಾ ಕೆಟ್ಟಿದ್ದರೆ ಈಗಿನ ನಿಕ್ಕಲ್ ಸಿಲ್ವರ್ ಹಳಿ ತರಿಸಿಕೊಳ್ಳಿ. ಎರಡು ಕಂಬಿಗಳ ನಡುವಿನ ಅಗಲ ಅದೇ 16.5 ಮಿಲಿಮೀಟರ್. ಜೋಡಣೆ ಮಾತ್ರ ಬೇರೆ, ಹಳೇ ಹಳಿಯ ಜೊತೆ ನೇರ ಕೂರುವುದಿಲ್ಲ. ಎಕ್ಸ್-04ರ ಬ್ರಷ್, ಸ್ಪ್ರಿಂಗ್ ಇವತ್ತಿಗೂ ಇಂಗ್ಲೆಂಡಿನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ.

ಕುಂದಾಪುರದವ:
ಮೈ ಕಳಚಿದೆ. ಆರ್ಮೇಚರ್ ಗಟ್ಟಿ ಹಿಡಿದಿತ್ತು, ನೀವು ಹೇಳಿದ ಕಂದು ರಸವೇ ಬಂತು. ಈಗ ಬೆರಳು ತಾಗಿಸಿದರೆ ಸಲೀಸಾಗಿ ತಿರುಗುತ್ತದೆ. ಆದರೆ ಬ್ಯಾಟರಿ ಕೊಟ್ಟರೆ ಒಮ್ಮೆ ಬರ್ರನೆ ತಿರುಗುತ್ತದೆ, ಇನ್ನೊಮ್ಮೆ ಕಿಡಿ ಹಾರಿ ನಿಂತುಬಿಡುತ್ತದೆ. ವೈರ್ ಕಡಿದಿದೆಯಾ?

ಹುಬ್ಬಳ್ಳಿ ವೈಂಡಿಂಗ್:
ವೈರ್ ಅಲ್ಲ ಅನಿಸುತ್ತದೆ. ಎರಡು ಬ್ರಷ್‌ಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ನೋಡಿ. ಕೂದಲಿಗೆ ಹಾಕುವ ಪಿನ್ನಿನಂತೆ ಎರಡು ಕಾಲು, ಆದರೆ ತಂತಿ ಒಂದೇ. ಅದರ ಒಂದು ಕಾಲಿಗೆ ಮಾತ್ರ ಸಣ್ಣ ಕೊಳವೆಯಂಥ ಹೊದಿಕೆ ಇರುತ್ತದೆ. ಈ ಇಂಜಿನ್‌ನಲ್ಲಿ ಒಂದು ಕಡೆಯ ಕರೆಂಟ್ ಲೋಹದ ಚಾಸಿಯ (ಅಡಿಗಟ್ಟಿನ) ಮೂಲಕವೇ ಬರುತ್ತದೆ, ಇನ್ನೊಂದು ಬ್ರಷ್ ಅದರಿಂದ ದೂರ ಇರಲೇಬೇಕು. ಆ ಹೊದಿಕೆ ಬಿರಿದರೆ ಕರೆಂಟ್ ಮೋಟರಿನ ಸುರುಳಿಗೆ ಹೋಗದೆ ಸ್ಪ್ರಿಂಗಿನಲ್ಲೇ ಸುತ್ತು ಹಾಕಿ ಶಾರ್ಟ್ ಆಗುತ್ತದೆ. ಮಲ್ಟಿಮೀಟರಿಗಿಂತ ಕಣ್ಣಿಗೆ ಬೇಗ ಸಿಗುತ್ತದೆ, ಭೂತಕನ್ನಡಿ ಹಿಡಿದು ನೋಡಿ.

ಕುಂದಾಪುರದವ:
ಅದೇ ಸರ್! ಹೊದಿಕೆ ಒಣಗಿ ಅರ್ಧ ಪುಡಿಯಾಗಿತ್ತು, ತಂತಿ ಬಯಲಾಗಿತ್ತು. ಹಳೇ ಟೆಲಿಫೋನ್ ವೈರಿನ ಪ್ಲಾಸ್ಟಿಕ್ ಸಿಪ್ಪೆ ಎಳೆದು ಅಲ್ಲಿಗೆ ತೊಡಿಸಿದೆ. ಈಗ ಬ್ಯಾಟರಿಯಲ್ಲಿ ನಿಲ್ಲದೆ ತಿರುಗುತ್ತದೆ, ವೈರ್ ಅದಲು ಬದಲು ಮಾಡಿದರೆ ಹಿಂದಕ್ಕೂ. ಹಳಿ ಮೇಲೆ ಮಾತ್ರ ಗಕ್ಕನೆ ನಿಂತು ನಿಂತು ಹೋಗುತ್ತದೆ.

ಹುಬ್ಬಳ್ಳಿ ವೈಂಡಿಂಗ್:
ಭಲೇ! ಇನ್ನುಳಿದದ್ದು ಬರೀ ಕೊಳೆ. ಚಕ್ರದ ಅಂಚಿನ ಕಪ್ಪು ಪದರ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಚಕ್ರದ ಹಿಂಬದಿಗೆ ತಾಗುವ ತೆಳ್ಳನೆಯ ಲೋಹದ ಪಟ್ಟಿಗಳು ನಿಜವಾಗಿ ತಾಗುತ್ತಿವೆಯಾ ನೋಡಿ, ತಾಗದಿದ್ದರೆ ಕೂದಲೆಳೆಯಷ್ಟು ಬಗ್ಗಿಸಿ. ಆಮೇಲೆ ಬೋಗಿ ಕಟ್ಟದೆ ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಿಸಿ, ನಡುನಡುವೆ ಮೋಟರ್ ಮುಟ್ಟಿ ನೋಡಿ. ಬೆಚ್ಚಗಾದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಟ್ಟರೆ ಅಯಸ್ಕಾಂತ ಸೋತಿದೆ ಅಂತ ಲೆಕ್ಕ, ಆಗ ಇಲ್ಲೇ ಬರೆಯಿರಿ. ಮತ್ತೆ ಅಟ್ಟಕ್ಕೆ ಹಾಕುವುದಾದರೆ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮಳೆಗಾಲದಲ್ಲಂತೂ ತಿಂಗಳಿಗೊಮ್ಮೆ ಹೊರಗೆ ತೆಗೆದು ನಾಲ್ಕು ಸುತ್ತು ಓಡಿಸಿ.