ಕುಡತಿನಿ ಬೂದಿದಿಬ್ಬ ಸಗಣಿಯದ್ದೇ ಅಂತ ಹೇಗೆ ಖಚಿತವಾಯಿತು? ಶಾಲೆಯಲ್ಲಿ ತೋರಿಸಬಹುದೇ?

ವಿಜ್ಞಾನ_ಮೇಷ್ಟ್ರು_ಬಳ್ಳಾರಿ
ಒಂಬತ್ತನೇ ತರಗತಿಗೆ ಬಳ್ಳಾರಿ ಹತ್ತಿರದ ಕುಡತಿನಿ ಬೂದಿದಿಬ್ಬದ ಬಗ್ಗೆ ಒಂದು ಪ್ರಾಯೋಗಿಕ ಪಾಠ ಮಾಡಬೇಕಿದೆ. ರಾಕ್ಷಸರನ್ನು ಸುಟ್ಟ ಬೂದಿ ಅನ್ನೋ ಮಾತು ಮಕ್ಕಳಿಗೆ ಗೊತ್ತು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನಂತೂ ವಾಲಿಯನ್ನು ಸುಟ್ಟ ಜಾಗ ಅಂತಲೇ ಜನ ಕರೀತಾರೆ. ನವಶಿಲಾಯುಗದವರ ದನದ ಸಗಣಿ ಅನ್ನುತ್ತಾರೆ ಸಂಶೋಧಕರು. ಆದರೆ ದಿಬ್ಬದಲ್ಲಿ ಗಾಜಿನಂತೆ ಕರಗಿ ತೂತುತೂತಾದ ಕಿಟ್ಟವೂ ಇದೆ. ಒಲೆಯಲ್ಲಿ ಕುಳ್ಳು ಸುಟ್ಟರೆ ಬೂದಿ ಆಗುತ್ತೆ, ಕಿಟ್ಟ ಆಗಲ್ಲವಲ್ಲ? ನಮ್ಮಲ್ಲಿ 400 ಪಟ್ಟಿನ ಸೂಕ್ಷ್ಮದರ್ಶಕ ಇದೆ. ಅದರಲ್ಲಿ ಏನು ತೋರಿಸಬಹುದು?

ತುಂಗಭದ್ರಾ_ದಂಡೆ
ಮೊದಲು ಕಿಟ್ಟದ ಮಾತು. ದನ ತಿನ್ನೋ ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ, ಅದು ಸಗಣಿಯಲ್ಲಿ ಹಾಗೇ ಹೊರಗೆ ಬರುತ್ತದೆ. ಸಿಲಿಕಾ ಒಂದೇ ಇದ್ದರೆ 1,700 ಡಿಗ್ರಿ ದಾಟಬೇಕು ಕರಗೋಕೆ. ಸಗಣಿಯಲ್ಲಿರೋ ಪೊಟ್ಯಾಶ್ ಸೇರಿದಾಗ ಕರಗುವ ಬಿಂದು ಬಹಳ ಕೆಳಗಿಳಿಯುತ್ತದೆ. ಒಲೆಯಲ್ಲಿ ಶಾಖ ನಿಲ್ಲಲ್ಲ, ನಾಲ್ಕು ಕುಳ್ಳು ಉರಿದು ಮುಗಿಯಿತು. ಆಳೆತ್ತರದ ಒಣ ತಿಪ್ಪೆಗೆ ಬೆಂಕಿ ಬಿದ್ದರೆ ದಿನಗಟ್ಟಲೆ ಒಳಗೇ ಕಾಯುತ್ತದೆ, ಮೇಲಿನ ಬೂದಿಯೇ ಕಂಬಳಿ ಹೊದಿಸಿದ ಹಾಗೆ ಶಾಖ ಹಿಡಿದಿಡುತ್ತದೆ. ಕಬ್ಬಿಣದ ಕಿಟ್ಟ ಕೈಗೆ ಭಾರ, ತುಕ್ಕಿನ ಬಣ್ಣ ಇರುತ್ತದೆ. ಸಗಣಿ ಕಿಟ್ಟ ತೂಕವೇ ಇಲ್ಲದಷ್ಟು ಹಗುರ.

ಹತ್ತೊಂಬತ್ತನೇ ಶತಮಾನದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆಗಲೇ ಸಗಣಿ ಅಂದಿದ್ದ. ರಾಯಚೂರಿನಾಚೆ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತು, ಸುತ್ತಲೂ ಬೇಲಿಗೂಟ ನೆಟ್ಟ ಗುಂಡಿ ಸಿಕ್ಕವು. ಅಲ್ಲಿ ದೊಡ್ಡಿ ಇತ್ತು ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಗಾಜುಪಟ್ಟಿ
ಪ್ರಯೋಗಕ್ಕೆ ದಿಬ್ಬದ ಬೂದಿ ಮುಟ್ಟಬೇಡಿ, ಒಂದು ಹಿಡಿಯೂ ಬೇಡ. ಪರವಾನಗಿ ಇಲ್ಲದೆ ಇಂಥ ನೆಲೆಯಿಂದ ಮಣ್ಣು ತೆಗೆಯುವಂತಿಲ್ಲ, ತೆಗೆದರೆ ಪದರದ ಲೆಕ್ಕವೂ ಕೆಡುತ್ತದೆ. ಇವತ್ತಿನ ಸಗಣಿಯೇ ಸಾಕು. ಬರೀ ಜೋಳದ ಕಣಿಕೆ ತಿನ್ನೋ ದನದ ಕುಳ್ಳು ಒಂದು, ಗಂಗಾವತಿ ಅಥವಾ ಸಿರುಗುಪ್ಪ ಕಡೆಯ ಭತ್ತದ ಹುಲ್ಲು ತಿನ್ನೋ ದನದ್ದು ಇನ್ನೊಂದು. ಬೇರೆಬೇರೆ ತಗಡಿನಲ್ಲಿ ಸುಡಿ.

ಅರ್ಧ ಚಮಚ ಬೂದಿಗೆ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಬೂದಿಯೆಲ್ಲ ಹೊರಗೆ ಹೋಗುತ್ತದೆ. ಮಕ್ಕಳಿಗೆ ಕನ್ನಡಕ ಕಡ್ಡಾಯ, ಆಮ್ಲ ಮೇಷ್ಟ್ರ ಕೈಯಲ್ಲೇ ಇರಲಿ. ನೊರೆ ಪೂರ್ತಿ ನಿಂತ ಮೇಲೆ ನೀರು ತುಂಬಿ, ಒಂದು ಗಂಟೆ ಬಿಟ್ಟು, ಮೇಲಿನ ನೀರು ಬಗ್ಗಿಸಿ. ಹೀಗೆ ಮೂರು ಸಲ. ತಳದಲ್ಲಿ ಉಳಿಯೋ ಬೂದುಬಣ್ಣದ ಕೆಸರಿನ ಒಂದು ಹನಿಗೆ ಗ್ಲಿಸರಿನ್ ಬೆರೆಸಿ ಗಾಜಿನ ಪಟ್ಟಿಗೆ ಹಾಕಿ.

ಕಾಣೋದು ಫೈಟೋಲಿತ್, ಅಂದರೆ ಗಿಡದ ಜೀವಕೋಶದಲ್ಲಿ ಅಚ್ಚುಹೊಯ್ದ ಹಾಗೆ ಕೂತ ಸಿಲಿಕಾ. ಜೋಳದ ಕಣಿಕೆಯದ್ದರಲ್ಲಿ ಡಂಬೆಲ್ ಆಕಾರ, ಶಿಲುಬೆ ಆಕಾರ. ಭತ್ತದ ಹುಲ್ಲಿನದ್ದರಲ್ಲಿ ಬೀಸಣಿಗೆ ಆಕಾರದ ದೊಡ್ಡ ತುಣುಕುಗಳನ್ನು ಹುಡುಕಿ, ಒಮ್ಮೆ ಕಂಡರೆ ಮಕ್ಕಳು ಮರೆಯೋದಿಲ್ಲ. ದನ ಏನು ತಿಂದಿತ್ತು ಅಂತ ಬೂದಿಯೇ ಹೇಳುತ್ತದೆ.

ಸುಣ್ಣಕಲ್ಲು
ಒಂದು ಸೇರಿಸಬೇಕು. ಹುಲ್ಲು ಸುಟ್ಟರೂ ಫೈಟೋಲಿತ್ ಸಿಗುತ್ತದೆ, ಹಾಗಾಗಿ ಅದೊಂದರಿಂದಲೇ ಸಗಣಿ ಅಂತ ಸಾಬೀತಾಗಲ್ಲ. ಮೆಲುಕು ಹಾಕೋ ಪ್ರಾಣಿಗಳ ಕರುಳಿನಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಿನ ಗುಂಡುಕಣ ಆಗುತ್ತವೆ, ಸ್ಫೆರುಲೈಟ್ ಅಂತ. ಬಹುಪಾಲು 5ರಿಂದ 20 ಮೈಕ್ರಾನ್. ಇವನ್ನು ನೋಡೋಕೆ ಆಮ್ಲ ಹಾಕದ ಬೂದಿಯದ್ದೇ ಇನ್ನೊಂದು ಪಟ್ಟಿ ಮಾಡಿ, ಆಮ್ಲ ಹಾಕಿದರೆ ಕರಗಿಹೋಗುತ್ತವೆ. ಪಟ್ಟಿಯ ಕೆಳಗೊಂದು ಪೋಲರಾಯ್ಡ್ ಹಾಳೆ, ಕಣ್ಣುಮಸೂರದ ಮೇಲೊಂದು. ಮೇಲಿನದನ್ನು ತಿರುಗಿಸುತ್ತಾ ಬಯಲು ಪೂರ್ತಿ ಕಪ್ಪಾದಲ್ಲಿ ನಿಲ್ಲಿಸಿ. ಕತ್ತಲಲ್ಲಿ ಹೊಳೆಯೋ ಚುಕ್ಕಿ, ಅದರ ನಡುವೆ ಕಪ್ಪು ಕೂಡುಗುರುತು ಕಂಡರೆ ಅದೇ.

ಕಾಣದಿದ್ದರೆ ಗಾಬರಿ ಬೇಡ. ಸುಮಾರು 700 ಡಿಗ್ರಿ ದಾಟಿದರೆ ಅವು ಒಡೆದುಹೋಗುತ್ತವೆ, ಆದ್ದರಿಂದ ಒಂದಷ್ಟು ಕುಳ್ಳನ್ನು ಸುಡದೆ ಪುಡಿಮಾಡಿಯೂ ನೋಡಿ. ದನ ಮೇಯೋ ನೆಲದಲ್ಲಿ ಸುಣ್ಣದಂಶ ಕಡಿಮೆ ಇದ್ದರೂ ಸ್ಫೆರುಲೈಟ್ ಕಡಿಮೆ. ಕಂಡರೆ ಸಗಣಿ ಅನ್ನಬಹುದು, ಕಾಣಲಿಲ್ಲ ಅಂತ ಸಗಣಿ ಅಲ್ಲ ಅನ್ನೋ ಹಾಗಿಲ್ಲ. ದಿಬ್ಬದ ಕಿಟ್ಟದ ಪದರದಲ್ಲಿ ಹುಡುಕೋದು ವ್ಯರ್ಥ, ಅರೆಬೆಂದ ಪದರವೇ ಬೇಕು.

ವಿಜ್ಞಾನ_ಮೇಷ್ಟ್ರು_ಬಳ್ಳಾರಿ
ಎರಡೂ ಪಟ್ಟಿ ಮಾಡಿಸ್ತೀನಿ. ಮಕ್ಕಳು ಖಂಡಿತ ಕೇಳೋ ಎರಡು ಪ್ರಶ್ನೆ: ಗೊಬ್ಬರವನ್ನು ಯಾಕೆ ಸುಟ್ಟರು? ಆ ಜನ ತಿಂದಿದ್ದೇನು, ಜೋಳವೇ?

ತುಂಗಭದ್ರಾ_ದಂಡೆ
ಯಾಕೆ ಅನ್ನೋದು ಇನ್ನೂ ವಾದದಲ್ಲಿದೆ. ಹಬ್ಬದ ಆಚರಣೆಯ ಬೆಂಕಿ ಅಂದ ಆಲ್ಚಿನ್. ಸುರಪುರ ಕಡೆಯ ಬೂದಿಹಾಳ ಅಗೆದ ಪುರಾತತ್ವಜ್ಞ ಪದ್ದಯ್ಯ ಅಲ್ಲಿ ವಾಸದ ನೆಲೆಯನ್ನೂ ದೊಡ್ಡಿಯ ಪಕ್ಕದಲ್ಲೇ ತೋರಿಸಿದರು. ಬೆಂಕಿ ಪದೇಪದೇ ಬಿದ್ದಿದೆ, ಪದರದ ಮೇಲೆ ಪದರ ಇದೆ. ಒಂದು ಸಲದ ಆಕಸ್ಮಿಕ ಅಂತೂ ಅಲ್ಲ.

ಜೋಳ ಅಲ್ಲ, ಅದು ಆಫ್ರಿಕಾದಿಂದ ಆಮೇಲೆ ಬಂದದ್ದು. ಬಳ್ಳಾರಿ ಪಕ್ಕದ ನವಶಿಲಾಯುಗದ ನೆಲೆ ಸಂಗನಕಲ್ಲಿನ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿದ ಕರಿಬೀಜವನ್ನು ಸಣ್ಣ ಜರಡಿಯಲ್ಲಿ ಹಿಡಿದು ನೋಡಿದಾಗ ಸಿಕ್ಕಿದ್ದು ಕೊರಲೆ, ಹುರುಳಿ, ಹೆಸರು. ಹುರುಳಿಯ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ಕಾಡು ಹುರುಳಿಯ ಸಿಪ್ಪೆ ದಪ್ಪ, ನೀರು ಬೇಗ ಇಳಿಯಲ್ಲ. ಹಳೇ ನೆಲೆಗಳ ಕರಕಲು ಹುರುಳಿಯನ್ನು ಒಡೆಯದೆ ಸಿಂಕ್ರೋಟ್ರಾನ್ ಯಂತ್ರದ ಪ್ರಬಲ ಎಕ್ಸ್‌ರೇಯಲ್ಲಿ ನೋಡಿ, ಕಾಲ ಕಳೆದಂತೆ ಸಿಪ್ಪೆ ತೆಳುವಾದದ್ದನ್ನು 2017ರಲ್ಲಿ ಪ್ರಕಟಿಸಿದ್ದಾರೆ. ಬಿತ್ತಿದ ಕೂಡಲೇ ಮೊಳೆತ ಬೀಜವೇ ಮುಂದಿನ ಬಿತ್ತನೆಗೆ ಉಳಿಯುತ್ತಾ ಬಂತು. ಮನೆಯ ಹುರುಳಿ ಹತ್ತು ಕಾಳು ರಾತ್ರಿ ನೆನೆಹಾಕಿಸಿ, ಬೆಳಿಗ್ಗೆ ಎಷ್ಟು ಉಬ್ಬಿವೆ, ಎಷ್ಟು ಕಲ್ಲಿನಂತೆ ಉಳಿದಿವೆ ಎಣಿಸಲಿ.