ದೇಶ ದೇಶಕ್ಕೆ ಕೊಡುವ ‘ಅಶೂರೆನ್ಸ್’: ಭರವಸೆಯೋ, ವಚನವೋ, ಮುಚ್ಚಳಿಕೆಯೋ?

ಬಲ್ಲವರಲ್ಲಿ ಒಂದು ಕೇಳಿಕೆ. ಆರೋಪಿಯನ್ನು ಒಪ್ಪಿಸುವ ಮೊದಲು ಯುರೋಪಿನ ದೇಶಗಳು ‘ಇವನನ್ನು ಗಲ್ಲಿಗೇರಿಸುವುದಿಲ್ಲ, ಹಿಂಸಿಸುವುದಿಲ್ಲ’ ಎಂದು ನಮ್ಮ ಸರ್ಕಾರದಿಂದ ಬರೆಸಿಕೊಳ್ಳುತ್ತವೆ. ಮಾನವ ಹಕ್ಕಿನ ಹೆಸರಲ್ಲಿ ರಾಯಭಾರಿಗಳ ಮೂಲಕ ನಡೆಯುವ ಈ ಬರವಣಿಗೆಗೆ ಕನ್ನಡದಲ್ಲಿ ಏನೆನ್ನೋಣ? ಮುಂಬೈ ಓದುಗರಿಗಾಗಿ, ಪೋರ್ಚುಗಲ್ಲಿನಲ್ಲಿ ಸಿಕ್ಕಿಬಿದ್ದ ಭೂಗತ ಪಾತಕಿ ಅಬು ಸಲೇಂನ ಪ್ರಕರಣದ ಬಗ್ಗೆ ಬರೆಯುತ್ತಿದ್ದೇನೆ, ಪದ ಕೈಗೆ ಸಿಗುತ್ತಿಲ್ಲ.

ನಮ್ಮ ಪತ್ರಿಕೆಗಳು ‘ಭರವಸೆ’ ಎನ್ನುತ್ತವೆ. ಚುನಾವಣೆಯಲ್ಲಿ ಉದುರುವುದೂ ಅದೇ! ಆದರೆ ಇಲ್ಲಿ ಕಥೆ ಬೇರೆ. ಸಾಮಾನ್ಯ ಅಪರಾಧಗಳಿಗೆ ಮರಣದಂಡನೆಯನ್ನು 1867ರಲ್ಲೇ ಕೈಬಿಟ್ಟ ದೇಶ ಪೋರ್ಚುಗಲ್. ಗಲ್ಲೂ ಇಲ್ಲ, 25 ವರ್ಷ ಮೀರಿದ ಸೆರೆಯೂ ಇಲ್ಲ ಎಂದು 2002ರ ಡಿಸೆಂಬರಿನಲ್ಲಿ ಆಗಿನ ಉಪಪ್ರಧಾನಿ ಆಡ್ವಾಣಿಯವರು ಅದಕ್ಕೆ ಬರೆದುಕೊಟ್ಟರು. ಸಲೇಂ ಇಲ್ಲಿಗೆ ಬಂದದ್ದು 2005ರಲ್ಲಿ. 1993ರ ಸ್ಫೋಟದ ಪ್ರಕರಣದಲ್ಲಿ ಮುಂಬೈಯ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ 2017ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಆಗ ಆ ಕಾಗದದ ಬೆಲೆ ಎಷ್ಟು ಎಂಬ ಪ್ರಶ್ನೆ ಎದ್ದಿತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ನ್ಯಾಯಾಲಯದ ಕೈಯನ್ನು ಅದು ಕಟ್ಟುವುದಿಲ್ಲ, ಕೇಂದ್ರ ಸರ್ಕಾರ ಮಾತ್ರ ಅದಕ್ಕೆ ಬದ್ಧ; 25 ವರ್ಷ ತುಂಬಿದ ಮೇಲೆ ಬಿಡುಗಡೆಗೆ ಕ್ರಮ ಕೈಗೊಳ್ಳಲೇಬೇಕು. ಇಷ್ಟು ಗಟ್ಟಿಯಾದದ್ದನ್ನು ಬರೀ ಭರವಸೆ ಎಂದರೆ ಸಪ್ಪೆಯಾಗುತ್ತದೆ.

ಹಾಗೆಂದು ‘ಖಾತರಿ’ ಎನ್ನಲೂ ಧೈರ್ಯವಿಲ್ಲ. ಬ್ರಿಟನ್ ಭಾರತಕ್ಕೆ ಗಡೀಪಾರು ಮಾಡಲು ಹೊರಟಿದ್ದ ಸಿಖ್ ಪ್ರತ್ಯೇಕತಾವಾದಿ ಚಾಹಲ್‌ನ 1996ರ ಪ್ರಕರಣದಲ್ಲಿ ಇದೇ ಭಾರತ ಸರ್ಕಾರ ಬ್ರಿಟನ್ನಿಗೆ ಇಂಥದೇ ಮಾತು ಕೊಟ್ಟಿತ್ತು. ಸರ್ಕಾರದ ಪ್ರಾಮಾಣಿಕತೆ ಬಗ್ಗೆ ಸಂಶಯವಿಲ್ಲ, ಆದರೆ ಆ ವ್ಯಕ್ತಿಯ ಸುರಕ್ಷತೆಗೆ ಅದು ಸಾಲದು ಎಂದಿತು ಯುರೋಪಿನ ಮಾನವ ಹಕ್ಕು ನ್ಯಾಯಾಲಯ. ನಮ್ಮ ಮಲ್ಯರ ವಿಷಯದಲ್ಲಂತೂ ಬಾಯಿಮಾತು, ಕಾಗದ ಎರಡೂ ಸಾಲದೆ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕಿನ ವಿಡಿಯೋವನ್ನೇ ಲಂಡನ್ನಿನ ನ್ಯಾಯಾಧೀಶರು 2018ರಲ್ಲಿ ತರಿಸಿಕೊಂಡು ನೋಡಿದರು.

‘ಮುಚ್ಚಳಿಕೆ’ಗೆ ಬೇಕಾದ ಬಿಗಿ ಇದೆ. ಆದರೆ ಅದು ಠಾಣೆಯಲ್ಲಿ ಪುಂಡರಿಂದ ಬರೆಸಿಕೊಳ್ಳುವಂಥದ್ದು, ಸಾರ್ವಭೌಮ ಸರ್ಕಾರಕ್ಕೆ ಹೊಂದದು. (ಬರೆಸಿಕೊಳ್ಳುವ ದೇಶದ ಮನಸ್ಸಿನಲ್ಲಿ ಇರುವುದು ಅದೇ ಇರಬಹುದು, ಆ ಮಾತು ಬೇರೆ.) ‘ಆಶ್ವಾಸನೆ’ ಸಮಾಧಾನ ಹೇಳಿದ ಹಾಗೆ. ಮರಾಠಿಯವರಿಗೆ ‘ಹಮಿ’ ಇದೆ, ಬರೆದುಕೊಟ್ಟರೆ ‘ಹಮಿಪತ್ರ’, ಹೊಟ್ಟೆಕಿಚ್ಚಾಗುತ್ತದೆ. ಸದ್ಯಕ್ಕೆ ‘ಲಿಖಿತ ವಚನ’ ಎಂದು ಬರೆದಿದ್ದೇನೆ. ವಚನ ಎಂದೊಡನೆ ಬಸವಣ್ಣ ನೆನಪಾಗುತ್ತಾರೆ ಎಂದು ಒಬ್ಬರು ಆಗಲೇ ಆಕ್ಷೇಪಿಸಿದ್ದಾರೆ. ‘ವಚನಭ್ರಷ್ಟ’ ಎನ್ನುವಾಗ ಯಾರಿಗೂ ಬಸವಣ್ಣ ನೆನಪಾಗುವುದಿಲ್ಲವಲ್ಲ, ಹಾಗಾಗಿ ನಾನು ಸದ್ಯ ಪಟ್ಟು ಬಿಟ್ಟಿಲ್ಲ.

ಧಾರವಾಡ, ಕಲಬುರಗಿ ಪೀಠಗಳಲ್ಲಿ ತೀರ್ಪುಗಳನ್ನು ಅನುವಾದಿಸುವವರು ಇಲ್ಲಿದ್ದರೆ ನೀವು ಏನು ಬಳಸುತ್ತೀರಿ ತಿಳಿಸಿ. ‘ವಾಗ್ದಾನ’ ಎನ್ನುವವರಿದ್ದರೆ ಕಾರಣ ಸಮೇತ ಬರೆಯಿರಿ.