ಐಎನ್‌ಎಸ್ ತೀರ್ ಮೊದಲು ಬ್ರಿಟಿಷ್ ಫ್ರಿಗೇಟ್ ಆಗಿತ್ತಂತೆ. ಯುದ್ಧದಲ್ಲಿ ಇವುಗಳ ಕೆಲಸ ಏನಿತ್ತು?

ಕುಂಬಳೆ_ಹುಡುಗಿ:
ನಮ್ಮಜ್ಜ ನೌಕಾಪಡೆಯಲ್ಲಿದ್ದರು. ಹಳೇ ಫೋಟೋದಲ್ಲಿ ಅವರ ಟೋಪಿಯ ಪಟ್ಟಿ ಮೇಲೆ ‘ಐಎನ್‌ಎಸ್ ತೀರ್’ ಅಂತಿದೆ. ಅದು ಎರಡನೇ ಮಹಾಯುದ್ಧದ ಬ್ರಿಟಿಷ್ ಫ್ರಿಗೇಟ್ ಅಂತ ಮಾವ ಹೇಳಿದರು. ಡೆಸ್ಟ್ರಾಯರ್ ಅನ್ನುವ ವೇಗದ ಯುದ್ಧನೌಕೆ ಇರುವಾಗ ಫ್ರಿಗೇಟ್ ಯಾಕೆ ಬೇಕಿತ್ತು? ಗೊತ್ತಿದ್ದವರು ಹೇಳ್ತೀರಾ?

ಕೋಟಿಕುಳಂ_ಇಂಜಿನ್‌ರೂಮ್:
ಮಗಳೇ, ಪಟ್ಟಿಯಲ್ಲಿ ಐಎನ್‌ಎಸ್ ಅಂತಿದ್ದರೆ ಫೋಟೋ 1950ರ ಜನವರಿ 26ರ ನಂತರದ್ದು. ಅದಕ್ಕೆ ಮುಂಚೆ ಎಚ್‌ಎಂಐಎಸ್ ಅಂತಿತ್ತು. ತೀರ್‌ನ ಮೊದಲ ಹೆಸರು ಎಚ್‌ಎಂಎಸ್ ಬ್ಯಾನ್. ರಿವರ್ ವರ್ಗದ ಫ್ರಿಗೇಟ್. 1945ರಲ್ಲಿ ನಮ್ಮ ಕಡೆ ಬಂತು, ಆಮೇಲೆ ಕೆಡೆಟ್‌ಗಳ ತರಬೇತಿಗೆ ಬಳಸಿದರು.

ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳ ಸಾಲನ್ನು ಜರ್ಮನ್ ಸಬ್‌ಮರೀನ್‌ಗಳಿಂದ ಕಾಯುವುದು ಈ ವರ್ಗದ ಕೆಲಸ. ಮುಂಚೆ ಇದ್ದ ಕಾರ್ವೆಟ್‌ಗಳ, ಅಂದರೆ ಸಣ್ಣ ಕಾವಲು ಹಡಗುಗಳ, ವೇಗ 16 ನಾಟ್, ಅಂದರೆ ಗಂಟೆಗೆ 16 ನಾಟಿಕಲ್ ಮೈಲಿ. ನೀರಿನ ಮೇಲೆ ಓಡುವ ಸಬ್‌ಮರೀನ್ 17 ದಾಟುತ್ತಿತ್ತು. ಅಟ್ಟಿಸಿಕೊಂಡು ಹೋದರೂ ಸಿಗುತ್ತಿರಲಿಲ್ಲ. ಫ್ರಿಗೇಟ್ 20 ನಾಟ್ ಓಡುತ್ತಿತ್ತು. ಆದರೆ ನನ್ನ ಪ್ರಕಾರ ವೇಗಕ್ಕಿಂತ ದೊಡ್ಡದು ಎಣ್ಣೆ. 12 ನಾಟ್‌ನಲ್ಲಿ ಹೋದರೆ 7,000 ನಾಟಿಕಲ್ ಮೈಲಿ ದಾಟುವಷ್ಟು ಎಣ್ಣೆ ಹಿಡಿಯುತ್ತಿತ್ತು.

ಟರ್ಬೈನ್ ಅಲ್ಲ, ಹೆಚ್ಚಿನವಕ್ಕೆ ಹಳೇ ಕಾಲದ ಪಿಸ್ಟನ್ ಹಬೆ ಇಂಜಿನ್. ಸರಕು ಹಡಗಿನವರಿಗೆ ಕೈ ಪಳಗಿದ್ದು. ನಾನು ಸೇರಿದ ಮೊದಲ ಹಡಗಿನಲ್ಲೂ ಅಂಥದ್ದೇ ಇತ್ತು. ಕ್ರಾಂಕ್ ತಿರುಗುತ್ತಿರುವಾಗಲೇ ಅದರ ಲಯ ನೋಡಿ ಕೈ ಚಾಚಬೇಕು. ಬೇರಿಂಗ್ ಬಿಸಿಯಾಗಿದೆಯಾ ಅಂತ ಅಂಗೈಯಲ್ಲಿ ತಟ್ಟಿ ನೋಡಿ, ಅದು ಮತ್ತೆ ಬರುವಷ್ಟರಲ್ಲಿ ಕೈ ತೆಗೆಯಬೇಕು. ಅಲೆ ಜಾಸ್ತಿ ಇದ್ದಾಗ ಎದೆ ಹೊಡೆದುಕೊಳ್ಳುತ್ತದೆ.

ಹೊಸಂಗಡಿ_ಮಾಷ್ಟ್ರು:
ಎಣ್ಣೆಯಿಂದ ಯುದ್ಧದಲ್ಲಿ ಅಷ್ಟು ವ್ಯತ್ಯಾಸ ಆಯ್ತಾ ಅಣ್ಣ? ಒಂದು ಉದಾಹರಣೆ ಕೊಡಿ.

ಕೋಟಿಕುಳಂ_ಇಂಜಿನ್‌ರೂಮ್:
ಆಯ್ತು ಮಾಷ್ಟ್ರೇ. ತೀರ್‌ನ ಅಕ್ಕ, ಅಂದರೆ ಅದೇ ವರ್ಗದ ಹಡಗು, ಎಚ್‌ಎಂಎಸ್ ಟೇ. 1943ರ ಏಪ್ರಿಲ್‌ನಲ್ಲಿ ಓಎನ್‌ಎಸ್-5 ಅನ್ನುವ ಕಾನ್ವಾಯ್, ಅಂದರೆ ಸರಕು ಹಡಗುಗಳ ಸಾಲು, ಬ್ರಿಟನ್ನಿನಿಂದ ಕೆನಡಾದ ಹ್ಯಾಲಿಫ್ಯಾಕ್ಸ್ ಕಡೆ ಹೊರಟಿತು. 40ಕ್ಕೂ ಹೆಚ್ಚು ನಿಧಾನದ ಹಡಗುಗಳು. ಕಾವಲಿನ ಮುಖ್ಯಸ್ಥ ಪೀಟರ್ ಗ್ರೆಟನ್ ಇದ್ದದ್ದು ಡಂಕನ್ ಅನ್ನುವ ಡೆಸ್ಟ್ರಾಯರ್‌ನಲ್ಲಿ. ಬಿರುಗಾಳಿಯಲ್ಲಿ ಎಣ್ಣೆ ಹಡಗಿನಿಂದ ತುಂಬಿಸಿಕೊಳ್ಳಲು ಆಗಲೇ ಇಲ್ಲ. ಟ್ಯಾಂಕ್ ಖಾಲಿಯಾಗುತ್ತಾ ಬಂತು, ಕಾನ್ವಾಯ್ ಬಿಟ್ಟು ಹೋಗಲೇಬೇಕಾಯ್ತು.

ಟೇ ಉಳಿಯಿತು. ಹೊಣೆ ಅದರ ಕ್ಯಾಪ್ಟನ್ ಶೆರ್‌ವುಡ್ ಹೆಗಲಿಗೆ ಬಿತ್ತು. ಅವರು ರಾಯಲ್ ನೇವಲ್ ರಿಸರ್ವ್‌ನವರು, ಅಂದರೆ ಸರಕು ಹಡಗಿನ ಹಿನ್ನೆಲೆಯವರು. ಎದುರಿಗೆ ಸುಮಾರು 40 ಸಬ್‌ಮರೀನ್. ಟೇಯ ಆಸ್ಡಿಕ್, ಅಂದರೆ ನೀರಿನಡಿ ಹುಡುಕುವ ಯಂತ್ರ, ಕೆಟ್ಟಿತ್ತು. ಆದರೂ ಅಲ್ಲಿಂದಲೇ ಮಿಕ್ಕ ಕಾವಲು ಹಡಗುಗಳನ್ನು ನಡೆಸಿದರು.

ಮೇ 5ರಂದು ಗರಿಂದಾ ಮುಳುಗಿತು. ಅದು ಕಾನ್ವಾಯ್‌ನಲ್ಲಿದ್ದ, ಬ್ರಿಟಿಷ್ ಇಂಡಿಯಾ ಅನ್ನುವ ಹಡಗು ಕಂಪನಿಯ ಸರಕು ಹಡಗು. ಆ ಕಂಪನಿಯಲ್ಲಿ ದುಡಿಯುತ್ತಿದ್ದವರು ಹೆಚ್ಚಿನಂಶ ನಮ್ಮ ದೇಶದ ಖಲಾಸಿಗಳು. ಅದರ ಜನರನ್ನು ಮೇಲೆತ್ತಿಕೊಂಡದ್ದು ಟೇ. ಸುತ್ತ ಸಬ್‌ಮರೀನ್ ಇರುವಾಗ ಇಂಜಿನ್ ನಿಲ್ಲಿಸಿ ಜನರನ್ನು ಹತ್ತಿಸಿಕೊಳ್ಳುವುದು ಎಷ್ಟು ಅಪಾಯ ಅಂತ ಇಂಜಿನ್ ರೂಮಿನಲ್ಲಿ ಇದ್ದವರಿಗೇ ಗೊತ್ತು. ಅವರ ಮೇಲೆ ನನಗೆ ತುಂಬಾ ಗೌರವ.

ಕುಂಬಳೆ_ಹುಡುಗಿ:
ಕೊನೆಗೆ ಕಾನ್ವಾಯ್ ಉಳಿಯಿತಾ ಮಾವ?

ಕೋಟಿಕುಳಂ_ಇಂಜಿನ್‌ರೂಮ್:
ಪೂರ್ತಿ ಅಲ್ಲ. 13 ಹಡಗು ಹೋದವು. ಆದರೆ 5ರ ರಾತ್ರಿ ದಟ್ಟ ಮಂಜು ಕವಿಯಿತು. ಕಾವಲು ಹಡಗುಗಳಲ್ಲಿ ರಾಡಾರ್ ಇತ್ತು, ಮಂಜಿನಲ್ಲೂ ಕಾಣುತ್ತಿತ್ತು. ಸಬ್‌ಮರೀನ್‌ನವರಿಗೆ ಏನೂ ಕಾಣಲಿಲ್ಲ. ಒರಿಬಿ ಅನ್ನುವ ಡೆಸ್ಟ್ರಾಯರ್ ಒಂದು ಸಬ್‌ಮರೀನ್‌ಗೆ ನೇರ ಡಿಕ್ಕಿ ಹೊಡೆಯಿತು. ಒಟ್ಟು 6 ಸಬ್‌ಮರೀನ್ ಕಾವಲಿನವರ ಕೈಯಲ್ಲಿ ಮುಳುಗಿದವು. ಆ ತಿಂಗಳು ಬೇರೆ ಕಡೆಯೂ ಹೀಗೇ ಹೊಡೆತ ಬಿತ್ತು. ಮೇ 24ಕ್ಕೆ ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡೋನಿಟ್ಜ್ ಉತ್ತರ ಅಟ್ಲಾಂಟಿಕ್‌ನಿಂದ ತನ್ನ ಸಬ್‌ಮರೀನ್‌ಗಳನ್ನು ಹಿಂದಕ್ಕೆ ಕರೆಸಿಕೊಂಡ.